ಅಗ್ಗದ ಅಂಗಿಯ ಗಣಿತ

ಹೆಸರಾಂತ ಕಂಪನಿಯೊಂದರ ಅಂಗಿಗೆ ಪೇಟೆಯ ದೊಡ್ಡ ಅಂಗಡಿಯಲ್ಲಿ ೨,೦೦೦ ರೂಪಾಯಿ ಬೆಲೆ ಎಂದಿಟ್ಟುಕೊಳ್ಳೋಣ. ಅದೇ ಹೆಸರಿನ ಚೀಟಿಯುಳ್ಳ ಅಂಗಿಯು ‘ಫ್ಯಾಕ್ಟರಿ ಔಟ್‌ಲೆಟ್’ ಎಂಬ ಫಲಕವುಳ್ಳ ಮತ್ತೊಂದು ಅಂಗಡಿಯಲ್ಲಿ ೮೦೦ ರೂಪಾಯಿಗೆ ದೊರೆಯುತ್ತದೆ. ಇದನ್ನು ಕಂಡ ವಿದ್ಯಾರ್ಥಿಯು ‘ಒಳ್ಳೆಯ ಲಾಭವಾಯಿತು’ ಎಂದು ಹಿಗ್ಗಬಹುದು. ‘ಇದರಲ್ಲಿ ಏನೋ ಮೋಸವಿದೆ’ ಎಂದು ಹಿಂಜರಿಯಲೂಬಹುದು. ಎರಡೂ ಬರಿಯ ಊಹೆಗಳೇ. ಬೆಲೆ ಇಳಿಯಬೇಕಾದರೆ ಅದಕ್ಕೊಂದು ಕಾರಣವಿರಬೇಕು. ಆ ಕಾರಣವೇನೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇಂತಹ ಅಂಗಡಿಗಳ ಮೂಲ ಕಾರ್ಖಾನೆಯ ಅಂಗಳದಲ್ಲಿಯೇ ಇದೆ. ಅಮೆರಿಕದ ಪೂರ್ವಭಾಗದ ಗಿರಣಿಗಳು ದೋಷವುಳ್ಳ ಅಥವಾ ಹೆಚ್ಚಾಗಿ ಉಳಿದ ಸರಕನ್ನು ಮೊದಮೊದಲು ತಮ್ಮ ಕೆಲಸಗಾರರಿಗೆ ಕಡಿಮೆ ಬೆಲೆಗೆ ಮಾರುತ್ತಿದ್ದುವು. ಮುಂದೆ ಸಾರ್ವಜನಿಕರಿಗೂ ಬಾಗಿಲು ತೆರೆದುವು. ೧೯೭೦ರ ದಶಕದಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ರೀಡಿಂಗ್ ನಗರದಲ್ಲಿ, ಹಳೆಯ ಕಾಲುಚೀಲದ ಗಿರಣಿಯೊಂದರ ಕಟ್ಟಡಗಳಲ್ಲಿಯೇ ಇಂತಹ ಮಳಿಗೆಗಳು ನೆಲೆಗೊಂಡು ಪ್ರಸಿದ್ಧಿ ಪಡೆದುವು. ವಿದೇಶಗಳಿಗೆ ಉಡುಪುಗಳನ್ನು ಹೊಲಿದು ಕಳುಹಿಸುವ ನಮ್ಮ ಬೆಂಗಳೂರಿನಲ್ಲಿಯೂ ‘ರಫ್ತಿನ ಉಳಿಕೆ’ಯನ್ನು ಮಾರುವ ಅಂಗಡಿಗಳು ಹಿಂದಿನಿಂದ ಇವೆ. ಈ ಶತಮಾನದ ಮೊದಲ ದಶಕದಲ್ಲಿ ಮಾರತಹಳ್ಳಿಯು ಕಾರ್ಖಾನೆಯ ಅಂಗಡಿಗಳಿಗೆ ಹೆಸರಾಯಿತು.

ಈಗ ಬೆಲೆ ಇಳಿಯುವ ಮೊದಲನೆಯ ಕಾರಣವನ್ನು ನೋಡೋಣ. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಕಾಲವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಉತ್ತರ ಬರುವುದಿಲ್ಲ. ಕಾರ್ಖಾನೆಯ ವಿಷಯವೂ ಹಾಗೆಯೇ. ಅಂಗಿಯ ತೋಳು ೬೦ ಸೆಂಟಿಮೀಟರು ಇರಬೇಕೆಂದು ಗೊತ್ತುಮಾಡಿದ್ದರೂ ಒಂದು ತೋಳು ೬೦.೩ ಆಗುತ್ತದೆ, ಇನ್ನೊಂದು ೫೯.೬ ಆಗುತ್ತದೆ. ಇಂತಹ ಸಾವಿರಾರು ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಸಾಮಾನ್ಯವಾಗಿ ಗಂಟೆಯ ಆಕಾರದ ವಕ್ರರೇಖೆ ದೊರೆಯುತ್ತದೆ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂಬುದನ್ನು ‘ಮಾನಕ ವಿಚಲನೆ’ ಎಂಬ ಸಂಖ್ಯೆಯು ತಿಳಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಮಾನಕ ವಿಚಲನೆಯು ಅರ್ಧ ಸೆಂಟಿಮೀಟರು ಎನ್ನೋಣ. ಒಂದು ಸೆಂಟಿಮೀಟರಿನವರೆಗಿನ ಹೆಚ್ಚುಕಡಿಮೆಯನ್ನು ಕಂಪನಿಯು ಒಪ್ಪುತ್ತದೆ ಎನ್ನೋಣ. ಆಗ ಒಪ್ಪಿಗೆಯ ಎಲ್ಲೆಯು ಸರಾಸರಿಯ ಎರಡೂ ಕಡೆಗೆ ಎರಡೆರಡು ಮಾನಕ ವಿಚಲನೆಗಳಷ್ಟು ದೂರದಲ್ಲಿರುತ್ತದೆ. ಈ ಎಲ್ಲೆಯೊಳಗೆ ಶೇಕಡಾ ೯೫.೪೫ ಅಂಗಿಗಳು ಬೀಳುತ್ತವೆ. ಸಾವಿರಕ್ಕೆ ಸುಮಾರು ೪೫ ಅಂಗಿಗಳು ಹೊರಗುಳಿಯುತ್ತವೆ. ಇವೇ ‘ಎರಡನೆಯ ದರ್ಜೆ’ಯ ಅಂಗಿಗಳು. ಯಾರೊಬ್ಬರ ಅಲಕ್ಷ್ಯವೂ ಇಲ್ಲದೆ ಇವು ಹುಟ್ಟುತ್ತವೆ ಎಂಬುದನ್ನು ಗಮನಿಸಬೇಕು. ತೋಳು ೧.೨ ಸೆಂಟಿಮೀಟರು ಗಿಡ್ಡವಾದ ಅಂಗಿಯನ್ನು ತೊಟ್ಟವನಿಗೆ ಅದರ ಅರಿವೇ ಆಗದಿರಬಹುದು.

ಕೈಗಾರಿಕೆಯಲ್ಲಿನ ಈ ಚದುರುವಿಕೆಯನ್ನು ಶಾಸ್ತ್ರೀಯವಾಗಿ ಹತೋಟಿಗೆ ತರುವ ಬಗೆಯನ್ನು ೧೯೨೪ರಲ್ಲಿ ತೋರಿಸಿದವನು ಅಮೆರಿಕದ ವಾಲ್ಟರ್ ಶೂಹಾರ್ಟ್. ಇವನು ಭೌತಶಾಸ್ತ್ರವನ್ನು ಓದಿ ದೂರವಾಣಿ ಸಲಕರಣೆಗಳ ಕಾರ್ಖಾನೆಗೆ ಬಂದವನು. ಪ್ರೊಫೆಸರ್ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ೧೯೪೭-೪೮ರಲ್ಲಿ ಇವನು ಭಾರತಕ್ಕೂ ಬಂದಿದ್ದನು.

ಎರಡನೆಯ ಕಾರಣ ಇನ್ನೂ ಕುತೂಹಲಕರವಾದುದು. ಸಾವಿರಾರು ಅಂಗಿಗಳನ್ನು ಒಂದೊಂದಾಗಿ ಪರೀಕ್ಷಿಸಲು ಕಾಲವೂ ಹಣವೂ ಹೆಚ್ಚು ಬೇಕು. ಆದುದರಿಂದ ಕೆಲವನ್ನು ಮಾತ್ರ ಮಾದರಿಯಾಗಿ ಆರಿಸಿ ನೋಡುತ್ತಾರೆ. ರೂಢಿಯಲ್ಲಿರುವ ಒಂದು ಕ್ರಮದಂತೆ, ೧,೨೦೦ ಅಂಗಿಗಳ ಗುಂಪಿನಿಂದ ೮೦ ಅಂಗಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. ದೋಷವುಳ್ಳವು ಐದು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಡೀ ಗುಂಪು ಸ್ವೀಕೃತ. ಆರು ಅಥವಾ ಹೆಚ್ಚಿದ್ದರೆ ಇಡೀ ಗುಂಪು ತಿರಸ್ಕೃತ.

ಈಗ ಸ್ವಲ್ಪ ಲೆಕ್ಕಮಾಡಿ ನೋಡೋಣ. ೮೦ರಲ್ಲಿ ೬ ಕೆಟ್ಟಿದ್ದರೆ ಅದೇ ಪ್ರಮಾಣದಲ್ಲಿ ೧,೨೦೦ರಲ್ಲಿ ಸುಮಾರು ೯೦ ಕೆಟ್ಟಿರಬಹುದು. ಉಳಿದ ೧,೧೧೦ ಅಂಗಿಗಳು ನಿರ್ದುಷ್ಟವಾದುವು. ಆದರೂ ಅವು ತಿರಸ್ಕೃತ ಗುಂಪಿಗೆ ಸೇರಿದುವು. ೮೦ರಲ್ಲಿ ೫ ಕೆಟ್ಟಿದ್ದ ಗುಂಪು ಪರೀಕ್ಷೆಯಲ್ಲಿ ಉತ್ತೀರ್ಣವಾಗಿ ದೊಡ್ಡ ಅಂಗಡಿಗೆ ಹೋಯಿತು. ಅದರಲ್ಲಿಯೂ ಸುಮಾರು ೭೫ ಕೆಟ್ಟ ಅಂಗಿಗಳಿರಬಹುದು. ಹಾಗಾದರೆ ಸ್ವೀಕೃತಕ್ಕೂ ತಿರಸ್ಕೃತಕ್ಕೂ ಇರುವ ಅಂತರವು ೧,೨೦೦ರಲ್ಲಿ ೧೫ ಅಂಗಿಗಳು ಮಾತ್ರ! ತಿರಸ್ಕೃತವಾದ ಗುಂಪನ್ನು ಕೆಲವೊಮ್ಮೆ ಮತ್ತೆ ಆರಿಸಿ, ತಿದ್ದಿ ಕಳುಹಿಸುತ್ತಾರೆ. ಕೆಲವೊಮ್ಮೆ ಅದು ಅಗ್ಗದ ಅಂಗಡಿಯ ದಾರಿ ಹಿಡಿಯುತ್ತದೆ. ಬೇಡಿಕೆಗಿಂತ ಹೆಚ್ಚಾಗಿ ಹೊಲಿದ ಸರಕು, ಗಡುವು ಮೀರಿದ ಸರಕು, ಹೋದ ಋತುವಿನ ಬಣ್ಣದ ಸರಕು ಇವೂ ಅದೇ ದಾರಿಯಲ್ಲಿ ಬರುತ್ತವೆ. ಇವುಗಳಲ್ಲಿ ವಸ್ತುವಿನ ದೋಷವೇ ಇಲ್ಲದಿರಬಹುದು. ಕಾಲ ಮಾತ್ರ ಮೀರಿರುತ್ತದೆ.

ಮೂರನೆಯ ಕಾರಣದಲ್ಲಿ ಎಚ್ಚರಿಕೆ ಬೇಕು. ಇಂತಹ ಅಂಗಡಿಗಳು ಹೆಚ್ಚಿದಂತೆಲ್ಲ ಅವುಗಳನ್ನು ತುಂಬಲು ಉಳಿಕೆಯ ಸರಕು ಸಾಲದಾಯಿತು. ಆದುದರಿಂದ ಹಲವು ಕಂಪನಿಗಳು ಅಗ್ಗದ ಅಂಗಡಿಗೆಂದೇ ಬೇರೆ ಸರಕನ್ನು ತಯಾರಿಸತೊಡಗಿದುವು. ಹೆಸರಿನ ಚೀಟಿ ಅದೇ ಆದರೂ ಬಟ್ಟೆ, ಹೊಲಿಗೆ, ಗುಂಡಿಗಳು ಕಡಿಮೆ ದರ್ಜೆಯವಾಗಿರಬಹುದು. ಇಂತಹ ಸರಕಿನ ಮೇಲೆ ‘ಮೂಲ ಬೆಲೆ’ ಎಂದು ದೊಡ್ಡ ಮೊತ್ತವನ್ನು ಬರೆದು ಹೊಡೆದುಹಾಕುವುದು ಜನರನ್ನು ತಪ್ಪುದಾರಿಗೆಳೆಯಬಹುದೆಂದು ೨೦೧೪ರ ಜನವರಿಯಲ್ಲಿ ಅಮೆರಿಕದ ಶಾಸನಸಭೆಯ ನಾಲ್ವರು ಸದಸ್ಯರು ಅಲ್ಲಿನ ಫೆಡರಲ್ ವ್ಯಾಪಾರ ಆಯೋಗಕ್ಕೆ ಪತ್ರ ಬರೆದರು. ಮೊದಲೆರಡು ಬಗೆಯ ಸರಕಿಗೆ ನಿಜವಾದ ಮೂಲ ಬೆಲೆಯೊಂದು ಇದ್ದಿತು. ಮೂರನೆಯದು ಆ ಬೆಲೆಗೆ ಎಂದೂ ಮಾರಾಟವಾಗಿರುವುದೇ ಇಲ್ಲ.

ಎತ್ತರವನ್ನು ಅಳೆಯುವಾಗ ಸೊನ್ನೆಯನ್ನು ಎಲ್ಲಿ ಇಟ್ಟೆವೆಂಬುದನ್ನು ಮೊದಲು ಹೇಳಬೇಕೆಂದು ಭೌತಶಾಸ್ತ್ರದಲ್ಲಿ ಕಲಿಯುತ್ತೇವೆ. ರಿಯಾಯಿತಿಯ ವಿಷಯದಲ್ಲಿ ಅಳತೆಯ ಮೊದಲನ್ನು ಗೊತ್ತುಮಾಡುವವನು ಮಾರುವವನೇ. ನಮ್ಮ ದೇಶದಲ್ಲಿ ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚು ಪಡೆಯುವುದನ್ನು ಕಾನೂನು ನಿಷೇಧಿಸುತ್ತದೆ, ನಿಜ. ಆದರೆ ಅಂಗಿಯ ಮೇಲೆ ಆ ಬೆಲೆಯನ್ನು ಎಷ್ಟೆಂದು ಮುದ್ರಿಸಬೇಕೆಂಬುದನ್ನು ನಿರ್ಧರಿಸುವುದು ಕಂಪನಿಯೇ. ಇನ್ನು ‘ಶೇಕಡಾ ೫೦, ಅದರ ಮೇಲೆ ೨೦’ ಎಂಬ ಫಲಕವನ್ನು ಕಂಡು ಶೇಕಡಾ ೭೦ ಎಂದು ಭಾವಿಸುವವರುಂಟು. ೨,೦೦೦ದಲ್ಲಿ ಅರ್ಧ ಕಳೆದರೆ ೧,೦೦೦. ಅದರಲ್ಲಿ ಶೇಕಡಾ ೨೦ ಕಳೆದರೆ ೮೦೦. ಒಟ್ಟು ರಿಯಾಯಿತಿ ಶೇಕಡಾ ೬೦ ಮಾತ್ರ. ನಾವು ಮೊದಲಲ್ಲಿ ಕಂಡ ಅಂಗಿಯ ಬೆಲೆ ಇದೇ.

ಹೀಗಿರಲು ಕೊಳ್ಳುವವನು ಮಾಡತಕ್ಕದ್ದೇನು? ರಿಯಾಯಿತಿಯನ್ನು ಬಿಟ್ಟು ವಸ್ತುವನ್ನು ಅಳೆಯಬೇಕು. ಎರಡು ತೋಳುಗಳನ್ನು ಒಂದರ ಮೇಲೊಂದಿಟ್ಟು ಉದ್ದವನ್ನು ಹೋಲಿಸಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು, ಎಳೆ ತಪ್ಪಿದ ಜಾಗ ಇವೆಯೇ ನೋಡಿ. ಪಕ್ಕದ ಹೊಲಿಗೆಯನ್ನು ಮೆಲ್ಲನೆ ಎಳೆದಾಗ ಬಾಯಿ ಬಿಡುವುದೇ ಎಂಬುದನ್ನು ಪರೀಕ್ಷಿಸಿ. ಒಂದು ಅಂಗುಲದಲ್ಲಿ ಎಷ್ಟು ಹೊಲಿಗೆಗಳಿವೆಯೆಂದು ಎಣಿಸಿ, ಅದೇ ಕಂಪನಿಯ ದೊಡ್ಡ ಅಂಗಡಿಯ ಅಂಗಿಯೊಡನೆ ಹೋಲಿಸಿ. ಒಂದೇ ಅಳತೆಯ, ಒಂದೇ ಬಗೆಯ ಎರಡು ಅಂಗಿಗಳನ್ನು ತೂಗಿದಾಗ ಒಂದು ಬಹಳ ಹಗುರವಾಗಿದ್ದರೆ ಅದರ ಬಟ್ಟೆ ತೆಳುವಾಗಿರಬಹುದು. ದೋಷ ಕಂಡರೆ ಅದು ಎಲ್ಲಿದೆಯೆಂಬುದನ್ನೂ ಯೋಚಿಸಿ. ಷರಾಯಿಯೊಳಗೆ ಸೇರುವ ಅಂಚಿನ ಸಣ್ಣ ಕಲೆ ಬಾಳಿಕೆಯನ್ನು ಕುಗ್ಗಿಸದು. ಕಂಕುಳಿನ ಸಡಿಲ ಹೊಲಿಗೆಯು ನಾಲ್ಕು ದಿನದಲ್ಲಿ ಬಿಟ್ಟುಕೊಳ್ಳಬಹುದು.

ಎಂಟು ನೂರು ರೂಪಾಯಿ ವಿದ್ಯಾರ್ಥಿಗೆ ಸಣ್ಣ ಮೊತ್ತವಲ್ಲ. ಹಣ ಕೊಡುವ ಮೊದಲು ಐದು ನಿಮಿಷ ಅಳೆದು ನೋಡುವ ಅಭ್ಯಾಸವಿದ್ದರೆ, ದೊಡ್ಡ ಗುಂಪಿನೊಡನೆ ಸುಮ್ಮನೆ ತಿರಸ್ಕೃತವಾದ ಒಳ್ಳೆಯ ಅಂಗಿಯು ನಿಮ್ಮ ಪಾಲಿಗೆ ದೊರೆಯಬಹುದು.

ಅಭ್ಯಾಸಕ್ಕಾಗಿ: ಒಂದು ಅಂಗಡಿಯಲ್ಲಿ ‘ಶೇಕಡಾ ೪೦, ಅದರ ಮೇಲೆ ೩೦’ ರಿಯಾಯಿತಿಯಿದೆ, ಪಕ್ಕದ ಅಂಗಡಿಯಲ್ಲಿ ಒಂದೇ ಸಲಕ್ಕೆ ಶೇಕಡಾ ೬೦ ಇದೆ. ಒಂದೇ ಬೆಲೆ ಮುದ್ರಿತವಾದ ಅಂಗಿಯು ಎಲ್ಲಿ ಅಗ್ಗ? ಮುದ್ರಿತ ಬೆಲೆಗಳೇ ಬೇರೆಬೇರೆಯಾಗಿದ್ದರೆ ಈ ಪ್ರಶ್ನೆಗೆ ಉತ್ತರ ಹೇಳಲು ಇನ್ನೇನು ತಿಳಿದಿರಬೇಕು?