ಪಂದ್ಯದ ಹಿಂದಿನ ಸಂಜೆ

ಆಟವು ಆಡುವವರಿಗೆ ಮಾತ್ರ ಸೇರಿದುದಲ್ಲ. ನೋಡುವವರಿಗೂ, ನೋಡಲಾಗದೆ ದೂರದಿಂದ ಕೇಳುವವರಿಗೂ ಸೇರಿದುದು. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಫುಟ್‌ಬಾಲ್ ತಂಡಗಳು ಎದುರಾಗುವ ದಿನ ಹತ್ತಿರವಾದಂತೆ ಬೀದಿಬೀದಿಯಲ್ಲೂ ಅದೇ ಮಾತು. ದೂರದ ಕೆನಡಾ ದೇಶದಲ್ಲಿ, ಅಲ್ಲಿಯದೇ ಬಗೆಯ ಫುಟ್‌ಬಾಲ್ ಆಟದಲ್ಲಿ ತಮ್ಮ ಊರಿನ ತಂಡ ಮುಂದಿನ ಪಂದ್ಯವನ್ನು ಗೆದ್ದೀತೇ, ಯಾವ ಆಟಗಾರನನ್ನು ನೆಚ್ಚಬಹುದು ಎಂದು ಅಭಿಮಾನಿಗಳು ಚರ್ಚಿಸುತ್ತಾರೆ. ಆಟ ಬೇರೆ, ಭಾಷೆ ಬೇರೆ. ಮಾತಿನ ಧಾಟಿ ಮಾತ್ರ ಒಂದೇ. ನಮ್ಮ ನಾಡಿನಲ್ಲಿಯೂ ಅಂಥ ಮಾತಿಗೆ ಕೊರತೆಯಿಲ್ಲ. 1974ನೆಯ ಇಸವಿಯ ಮಾರ್ಚ್ ತಿಂಗಳಲ್ಲಂತೂ ಕರ್ನಾಟಕದ ಕ್ರಿಕೆಟ್ ಪ್ರೇಮಿಗಳ ಬಾಯಲ್ಲಿ ಒಂದೇ ಪ್ರಶ್ನೆಯಿತ್ತು: ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು ಮುಂಬಯಿಯನ್ನು ಸೋಲಿಸಬಲ್ಲುದೇ?

ಈ ಪ್ರಶ್ನೆ ಏಕೆ ಅಷ್ಟು ದೊಡ್ಡದಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಹಿಂದಿನ ಕಥೆ ಗೊತ್ತಿರಬೇಕು. ರಣಜಿ ಟ್ರೋಫಿಯು ಭಾರತದ ಪ್ರಾಂತಗಳ ನಡುವಣ ಕ್ರಿಕೆಟ್ ಸ್ಪರ್ಧೆ. ಅದು 1934ರಲ್ಲಿ ಆರಂಭವಾಯಿತು. 1958-59ರಿಂದ 1972-73ರವರೆಗೆ, ಒಂದು ವರ್ಷವೂ ತಪ್ಪದೆ, ಸತತವಾಗಿ 15 ಬಾರಿ ಆ ಟ್ರೋಫಿಯನ್ನು ಗೆದ್ದುಕೊಂಡಿದ್ದು ಮುಂಬಯಿ. ಅಂದು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಬಾಲಕನೊಬ್ಬನಿಗೆ, ಅವನ ನೆನಪಿನಲ್ಲಿ, ಮುಂಬಯಿಯಲ್ಲದೆ ಬೇರೊಂದು ತಂಡ ಗೆದ್ದದ್ದೇ ಇರಲಿಲ್ಲ. ನಮ್ಮ ತಂಡ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯವನ್ನು ಮುಟ್ಟಿತ್ತು. ಎರಡು ಬಾರಿಯೂ ಸೋತದ್ದು ಮುಂಬಯಿಗೇ.

ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಹರಪನಹಳ್ಳಿಯನ್ನು ನೆನೆಯಿರಿ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಊರು ಅಂದು ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಯಲುಸೀಮೆಯ ಬಿಸಿಲು ಇಳಿದು ಗಾಳಿ ತುಸು ತಂಪಾದ ಹೊತ್ತಿನಲ್ಲಿ ಪೇಟೆಯ ಚಹದಂಗಡಿಯೊಂದರ ಮುಂದೆ ಕೆಲವರು ಸೇರಿದ್ದಾರೆ ಎಂದು ಭಾವಿಸೋಣ. ಈ ಸಂಜೆಯೂ ಅಲ್ಲಿ ಕುಳಿತವರೂ ಕಲ್ಪಿತ. ಅವರ ಮಾತಿನಲ್ಲಿ ಬರುವ ಆಟಗಾರರೂ ಆಟದ ಸಂಗತಿಗಳೂ ನಿಜವಾದವು.

ಅಂಗಡಿಯ ಒಳಗಿನ ಹಲಗೆಯ ಮೇಲೆ ರೇಡಿಯೋ ಇದೆ. ಬೆಂಚಿನ ಮೇಲೆ ಒಬ್ಬ ನಿವೃತ್ತ ಉಪಾಧ್ಯಾಯರು, ಒಬ್ಬ ದರ್ಜಿ, ಕಾಲೇಜು ಸೇರಿದ ಒಬ್ಬ ತರುಣ. ಸಂತೆಯ ಕೆಲಸ ಮುಗಿಸಿಕೊಂಡು ಬಂದ ರೈತನೊಬ್ಬ ಕಂಬಕ್ಕೆ ಒರಗಿ ಕುಳಿತಿದ್ದಾನೆ.

ತರುಣನೇ ಮೊದಲು ಬಾಯಿ ತೆರೆದನು. “ಈ ಸಲ ಮುಂಬಯಿಯ ಕಥೆ ಮುಗಿಯಿತೆಂದೇ ತಿಳಿಯಿರಿ. ಪ್ರಸನ್ನ, ಚಂದ್ರಶೇಖರ್ ಇಬ್ಬರೂ ನಮ್ಮವರು. ಅವರಿಬ್ಬರ ಎದುರಿಗೆ ಮುಂಬಯಿಯವರು ಒಂದು ಗಳಿಗೆಯೂ ನಿಲ್ಲಲಾರರು.”

ದರ್ಜಿಯು ನಕ್ಕು, “ಒಂದು ಗಳಿಗೆಯೂ ನಿಲ್ಲಲಾರದವರು 15 ವರ್ಷ ಗೆದ್ದರೇನಯ್ಯಾ? ಗಾವಸ್ಕರ್ 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿ ನಾಲ್ಕೇ ಟೆಸ್ಟುಗಳಲ್ಲಿ 774 ರನ್ ಹೊಡೆದದ್ದನ್ನು ಮರೆತೆಯಾ? ವಾಡೇಕರ್ ಇದ್ದಾನೆ, ಅಶೋಕ್ ಮಂಕಡ್ ಇದ್ದಾನೆ. ಶಿವಾಲ್ಕರ್‌ನ ಎಡಗೈ ಸ್ಪಿನ್ ಬೌಲಿಂಗ್ ಎಂಥದೆಂಬುದನ್ನು ಅದನ್ನು ಎದುರಿಸಿದವರನ್ನೇ ಕೇಳಬೇಕು” ಎಂದನು.

“ನೀವು ಯಾರ ಕಡೆಯವರು?” ಎಂದು ತರುಣನು ಸಿಡುಕಿದನು.

ಅಲ್ಲಿಯವರೆಗೆ ಸುಮ್ಮನಿದ್ದ ಉಪಾಧ್ಯಾಯರು ಆಗ ಮಾತಾಡಿದರು. “ಅವನು ನಮ್ಮ ಕಡೆಯವನೇ. ಎದುರಾಳಿಯ ಬಲವನ್ನು ಇದ್ದಂತೆ ಹೇಳುವವನು ಶತ್ರುವಲ್ಲ. ಎದುರಾಳಿಯನ್ನು ಕಿರಿದು ಮಾಡಿ ನೋಡು. ನಾಳೆ ಗೆದ್ದರೆ ನಿನ್ನ ಗೆಲುವೂ ಕಿರಿದಾಗುತ್ತದೆ. ಕೈಲಾಗದವರನ್ನು ಸೋಲಿಸಿದ್ದರಲ್ಲಿ ಹಿರಿಮೆಯೇನು? ಬಾ, ಎರಡು ತಂಡಗಳನ್ನೂ ತಕ್ಕಡಿಯಲ್ಲಿಟ್ಟು ತೂಗೋಣ. ಒಂದು ತಟ್ಟೆಗೆ ಮಾತ್ರ ಬೆರಳು ಒತ್ತುವುದು ಬೇಡ.”

ಹೀಗೆ ತೂಗುವ ಕೆಲಸ ಮೊದಲಾಯಿತು. ಮೊದಲು ಬಂದ ಹೆಸರು ನಾಯಕ ಪ್ರಸನ್ನನದು. ಆತ ಭಾರತದ ಪರವಾಗಿ 1962ರಲ್ಲಿಯೇ ಟೆಸ್ಟ್ ಆಡಿದವನು. ಆದರೆ ಆ ಬಳಿಕ ಎಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ಐದು ವರ್ಷ ದೂರ ಉಳಿದು, 1967ರಲ್ಲಿ ಮರಳಿ ಬಂದನು. “ಚೆಂಡನ್ನು ಗಾಳಿಯಲ್ಲಿ ತೇಲಿಸಿ ದಾಂಡಿಗನಿಗೆ ಆಸೆ ಹುಟ್ಟಿಸುತ್ತಾನೆ. ಅವನು ಮುಂದೆ ಬಂದಾಗ ಚೆಂಡು ಅವನೆಣಿಸಿದ ಜಾಗದಲ್ಲಿ ಬೀಳುವುದಿಲ್ಲ” ಎಂದರು ಉಪಾಧ್ಯಾಯರು.

ಅನಂತರ ಚಂದ್ರಶೇಖರನ ಮಾತು ಬಂದಿತು. ಬಾಲ್ಯದಲ್ಲಿ ಪೋಲಿಯೋ ತಗುಲಿ ಆತನ ಬಲಗೈ ಸೊರಗಿತ್ತು. ಅನ್ಯರು ಕೊರತೆಯೆಂದು ಬಗೆದ ಆ ಕೈಯಿಂದಲೇ ಆತ ವೇಗವಾದ ಗೂಗ್ಲಿಗಳನ್ನು ಎಸೆದನು. 1971ರಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ ಒಂದೇ ಇನಿಂಗ್ಸ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು, ಆ ನೆಲದಲ್ಲಿ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ಜಯವನ್ನು ದೊರಕಿಸಿದನು.

“ಆ ದಿನ ಭಾರತದ ನಾಯಕನಾಗಿದ್ದವನು ಯಾರು?” ಎಂದು ದರ್ಜಿ ಕೇಳಿದನು. ತರುಣನು ತಡವರಿಸಿದನು. “ವಾಡೇಕರ್. ಚಂದ್ರಶೇಖರನ ಕೈಗೆ ಚೆಂಡು ಕೊಟ್ಟವನೂ ಅವನೇ. ಆ ಬೌಲಿಂಗ್ ಎಂಥದೆಂದು ನಿನಗಿಂತ ಅವನಿಗೆ ಚೆನ್ನಾಗಿ ಗೊತ್ತು.” ತರುಣನು ಮೌನವಾದನು. ಎದುರಾಳಿಯ ನಾಯಕನು ನಮ್ಮ ಆಟಗಾರನ ಹಿರಿಮೆಯಲ್ಲಿಯೂ ಪಾಲುಗಾರನಾಗಿರಬಲ್ಲನೆಂಬುದು ಅವನಿಗೆ ಹೊಸ ವಿಚಾರವಾಗಿತ್ತು.

ಬ್ಯಾಟಿಂಗಿನಲ್ಲಿ ಎಲ್ಲರ ಕಣ್ಣೂ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥನ ಮೇಲೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತನ್ನ ಮೊದಲ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಗಳಿಸಿದವನು ಆತ. ಬ್ರಿಜೇಶ್ ಪಟೇಲ್ ಮತ್ತು ಸೈಯದ್ ಕಿರ್ಮಾನಿ ಅಂದಿಗೆ ಇನ್ನೂ ಒಂದು ಟೆಸ್ಟನ್ನೂ ಆಡಿರಲಿಲ್ಲ. “ಹೆಸರಾದವರು ಗೆಲ್ಲಿಸುತ್ತಾರೆಂದು ಕಾಯುತ್ತೇವೆ. ಒಮ್ಮೊಮ್ಮೆ ಹೆಸರಾಗಬೇಕಾದವರು ಗೆಲ್ಲಿಸುತ್ತಾರೆ” ಎಂದನು ಅಂಗಡಿಯ ಒಡೆಯ, ಚಹ ಸೋಸುತ್ತ.

ಇಷ್ಟು ಹೊತ್ತೂ ಕೇಳುತ್ತಿದ್ದ ರೈತನು ಆಗ ಒಂದು ಪ್ರಶ್ನೆ ಹಾಕಿದನು. “ಸ್ವಾಮಿ, ಆಟ ನಡೆಯುವುದು ಬೆಂಗಳೂರಿನಲ್ಲಿ. ಆಡುವವರಲ್ಲಿ ನಮ್ಮ ಸೀಮೆಯವನು ಒಬ್ಬನೂ ಇಲ್ಲ. ಅವರು ಗೆದ್ದರೆ ನಮಗೇನು, ಸೋತರೆ ನಮಗೇನು? ಅದು ನಮ್ಮ ತಂಡ ಹೇಗಾಯಿತು?”

ಯಾರೂ ಒಡನೆ ಉತ್ತರ ಕೊಡಲಿಲ್ಲ. ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಉಪಾಧ್ಯಾಯರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

“ನೀನು ಕೇಳಿದ್ದು ಸರಿಯಾದ ಪ್ರಶ್ನೆ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ನಡೆಯಿತು. ಆಡಿದವರು ಮದರಾಸಿನವರು ಮತ್ತು ಮೈಸೂರಿನವರು. ಒಂದೇ ದಿನದಲ್ಲಿ ಆಟ ಮುಗಿದು ಮದರಾಸು ಗೆದ್ದಿತು. ಆಗ ನಾನು ಶಾಲೆಯ ಹುಡುಗ. ನಮ್ಮ ಹರಪನಹಳ್ಳಿ ಇದ್ದುದು ಮದರಾಸು ಪ್ರಾಂತದಲ್ಲಿ. ಹಾಗಾದರೆ ಆ ದಿನ ಗೆದ್ದವರು ನಾವೋ, ಸೋತವರು ನಾವೋ? ಮನೆಯಲ್ಲಿ ಆಡುತ್ತಿದ್ದುದು ಕನ್ನಡ. ಸರಕಾರದ ಕಾಗದ ಬರುತ್ತಿದ್ದುದು ಮದರಾಸಿನಿಂದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಏರ್ಪಟ್ಟಾಗ ನಾವು ಮೈಸೂರಿಗೆ ಸೇರಿದೆವು. 1956ರ ನವೆಂಬರ್ 1ರಂದು ಧಾರವಾಡ, ಕಲಬುರ್ಗಿ, ಮಂಗಳೂರು, ಕೊಡಗಿನವರೂ ಬಂದು ಕೂಡಿದರು. ಕಳೆದ ವರ್ಷ, 1973ರ ನವೆಂಬರ್ 1ರಂದು, ನಾಡಿಗೆ ಕರ್ನಾಟಕ ಎಂದು ಹೆಸರಾಯಿತು. ಆ ಹೆಸರು ಹೊತ್ತು ನಮ್ಮ ತಂಡ ಮುಂಬಯಿಯನ್ನು ಎದುರಿಸುತ್ತಿರುವುದು ಇದೇ ಮೊದಲು. ಮೈಸೂರು ಎಂದಾಗ ಅದು ಅವರ ತಂಡ, ನಾವು ಹೊರಗಿನಿಂದ ಸೇರಿದವರು ಎಂದು ಕೆಲವರಿಗೆ ಅನ್ನಿಸುತ್ತಿದ್ದುದುಂಟು. ಕರ್ನಾಟಕ ಎಂದಾಗ ಹೊರಗಿನವರು ಯಾರೂ ಉಳಿಯುವುದಿಲ್ಲ. ನಮ್ಮ ಊರಿನವನು ಆಡಿದರೆ ಮಾತ್ರ ತಂಡ ನಮ್ಮದಾಗುವುದಿಲ್ಲಪ್ಪಾ. ಅದರ ಸೋಲಿಗೆ ನಾವು ನೊಂದಾಗ, ಅದರ ತಪ್ಪನ್ನು ನಾವು ತಿಳಿದಾಗ, ಅದಕ್ಕಾಗಿ ಕಾದಾಗ ನಮ್ಮದಾಗುತ್ತದೆ. ಇವತ್ತು ನೀನು ಮನೆಗೆ ಹೋಗುವುದನ್ನು ಬಿಟ್ಟು ಇಲ್ಲಿ ಕುಳಿತಿದ್ದೀಯಲ್ಲ, ಅದೇ ನಿನ್ನ ಉತ್ತರ.”

ರೈತನು ಮುಗುಳ್ನಕ್ಕನು. “ಹಾಗಾದರೆ ನಾಳೆಯೂ ಬರುತ್ತೇನೆ” ಎಂದು ಎದ್ದನು.

ಪಂದ್ಯ ಬೆಂಗಳೂರಿನ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನದಲ್ಲಿ ನಡೆಯಿತು. ಕರ್ನಾಟಕ ಮೊದಲು ಬ್ಯಾಟ್ ಮಾಡಿ 385 ರನ್ ಗಳಿಸಿತು. ವಿಶ್ವನಾಥ್ 162 ರನ್ ಹೊಡೆದನು. ಇನ್ನೂ ಟೆಸ್ಟ್ ಕಾಣದ ಬ್ರಿಜೇಶ್ ಪಟೇಲ್ 106 ರನ್ ಹೊಡೆದನು. ಪಂದ್ಯ ಪೂರ್ಣವಾಗಿ ತೀರ್ಮಾನವಾಗದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿರುವ ತಂಡವೇ ಮೇಲಿನ ಸುತ್ತಿಗೆ ಹೋಗುವುದು ಅಲ್ಲಿಯ ನಿಯಮ. ಆದುದರಿಂದ ಮುಂಬಯಿಗೆ 385ನ್ನು ದಾಟುವುದೇ ಗುರಿಯಾಯಿತು. ದೃಢವಾಗಿ ನಿಂತಿದ್ದ ಗಾವಸ್ಕರನನ್ನು ಪ್ರಸನ್ನನು ಬೌಲ್ಡ್ ಮಾಡಿದನು. ಆದರೂ ಮುಂಬಯಿ ಕುಗ್ಗಲಿಲ್ಲ. ವಾಡೇಕರನೂ ಮಂಕಡನೂ ನಿಂತು ಆಡತೊಡಗಿದಾಗ ಆಟ ಅವರ ಕಡೆಗೇ ವಾಲುವಂತೆ ಕಂಡಿತು. ಆಗ ವಾಡೇಕರನು ಓಡುವಾಗ ಕಾಲು ಜಾರಿ, 62 ರನ್ನಿಗೆ ರನೌಟ್ ಆದನು. ಮುಂಬಯಿಯ ಇನಿಂಗ್ಸ್ 307ಕ್ಕೆ ಮುಗಿಯಿತು. ಬಹುಪಾಲು ವಿಕೆಟ್‌ಗಳನ್ನು ಪ್ರಸನ್ನನೂ ಚಂದ್ರಶೇಖರನೂ ಹಂಚಿಕೊಂಡರು. 78 ರನ್ನುಗಳ ಮುನ್ನಡೆಯಿಂದ ಕರ್ನಾಟಕ ಅಂತಿಮ ಪಂದ್ಯವನ್ನು ಮುಟ್ಟಿತು. 15 ವರ್ಷಗಳ ಮುಂಬಯಿಯ ಆಳಿಕೆ ಕೊನೆಗೊಂಡಿತು. ಅದೇ ತಿಂಗಳು ಜಯಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಪಡೆಯಿತು.

ನಮ್ಮ ಚಹದಂಗಡಿಯ ಮುಂದೆ ಮತ್ತೊಮ್ಮೆ ಎಲ್ಲರೂ ಸೇರಿದ್ದಾರೆಂದು ಭಾವಿಸೋಣ. ಈ ಸಲ ಚಹಕ್ಕೆ ಹಣ ಕೇಳಲು ಒಡೆಯನು ಮರೆತಿದ್ದಾನೆ. ತರುಣನು ಎಲ್ಲರಿಗಿಂತ ಹೆಚ್ಚು ಸಂತೋಷದಲ್ಲಿದ್ದಾನೆ. ಆದರೂ ಅವನು ಮೊದಲು ಆಡಿದ ಮಾತು ಹೀಗಿತ್ತು: “ವಾಡೇಕರನ ಕಾಲು ಜಾರದಿದ್ದರೆ ಏನಾಗುತ್ತಿತ್ತೋ!”

ಉಪಾಧ್ಯಾಯರು ತಲೆಯಾಡಿಸಿದರು. “ಅಂದು ಸಂಜೆ ನಾವು ಎಲ್ಲವನ್ನೂ ತೂಗಿದೆವು. ಒಬ್ಬ ಮನುಷ್ಯನ ಕಾಲು ಜಾರಬಹುದೆಂಬುದನ್ನು ಮಾತ್ರ ಯಾರೂ ತೂಗಲಿಲ್ಲ. ಆಟದಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಆದರೆ 385 ರನ್ ಜಾರಿ ಬಂದದ್ದಲ್ಲ; ಗಾವಸ್ಕರನ ವಿಕೆಟ್ ಜಾರಿ ಬಂದದ್ದಲ್ಲ. ದುಡಿದವನ ಹೊಲಕ್ಕೆ ಮಳೆ ಬಂದಂತೆ ಅದು ಬಂದಿತು. ಗೆದ್ದ ದಿನ ಈ ಮಾತನ್ನು ಹೇಳಬಲ್ಲವನು ನಿಜವಾದ ಅಭಿಮಾನಿ. ಇಂದು ನಿನ್ನ ಗೆಲುವು ದೊಡ್ಡದಾಯಿತು.”

ಮುಂದೆ 1977-78ರಲ್ಲಿಯೂ 1982-83ರಲ್ಲಿಯೂ ಕರ್ನಾಟಕ ಅದೇ ಟ್ರೋಫಿಯನ್ನು ಗೆದ್ದಿತು. ಬಳಿಕ ಮತ್ತೂ ಹಲವು ಬಾರಿ ಗೆದ್ದಿತು, ಸೋತದ್ದೂ ಉಂಟು. ಆಟಗಾರರು ಬದಲಾದರು. ಹರಪನಹಳ್ಳಿ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಪುನಃ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಗೆರೆಗಳು ಹೀಗೆ ಅತ್ತಿತ್ತ ಸರಿಯುತ್ತವೆ. ಆದರೆ ಪಂದ್ಯದ ಹಿಂದಿನ ಸಂಜೆ ನಾಲ್ಕು ಜನ ಕೂಡಿ, ತಮ್ಮವರನ್ನು ಪ್ರೀತಿಯಿಂದಲೂ ಎದುರಾಳಿಗಳನ್ನು ಗೌರವದಿಂದಲೂ ತೂಗುವ ಆ ಮಾತು ಹಾಗೆಯೇ ಉಳಿದಿದೆ. ನಿಮ್ಮ ಶಾಲೆಯ ತಂಡ ನೆರೆಯ ಊರಿನ ತಂಡದೊಡನೆ ಕಬಡ್ಡಿಯನ್ನೋ ಖೋಖೋವನ್ನೋ ಆಡಲು ಹೊರಡುವ ಹಿಂದಿನ ದಿನ ನೀವೂ ಹೀಗೆ ಕೂಡಿ ಮಾತಾಡುವಿರಿ. ಆಗ ತಕ್ಕಡಿಯ ಮೇಲೆ ಬೆರಳು ಒತ್ತದಿರಲು ನೆನಪಿಡಿ.

ಅಭ್ಯಾಸ

1. 1974ರ ಉಪಾಂತ್ಯ ಪಂದ್ಯವು ಕರ್ನಾಟಕದ ಜನರಿಗೆ ಏಕೆ ಮಹತ್ವದ್ದಾಗಿತ್ತು?
2. “ಎದುರಾಳಿಯನ್ನು ಕಿರಿದು ಮಾಡಿದರೆ ನಿನ್ನ ಗೆಲುವೂ ಕಿರಿದಾಗುತ್ತದೆ” ಎಂಬ ಮಾತನ್ನು ವಿವರಿಸಿರಿ.
3. ರೈತನ ಪ್ರಶ್ನೆಗೆ ಉಪಾಧ್ಯಾಯರು ಕೊಟ್ಟ ಉತ್ತರವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ. ನೀವಾಗಿದ್ದರೆ ಯಾವ ಉತ್ತರ ಕೊಡುತ್ತಿದ್ದಿರಿ?
4. ನಿಮ್ಮ ಊರಿನಲ್ಲಿ ನಡೆಯಲಿರುವ ಒಂದು ಪಂದ್ಯದ ಎರಡೂ ತಂಡಗಳ ಬಲಾಬಲಗಳನ್ನು ತೂಗಿ ಒಂದು ಪ್ರಬಂಧ ಬರೆಯಿರಿ.