ನಾಲ್ಕು ಪ್ರೊಪೆಲರ್‌ಗಳ ಕಿರು ಡ್ರೋನ್: ಮನೆಯಲ್ಲಿ ರಚನೆ, ಮುಂಬಯಿಯಲ್ಲಿ ಹಾರಾಟ

ನಾಲ್ಕು ಮೋಟಾರುಗಳ ಬಲದಿಂದ ಮೇಲೇರುವ ಚಿಕ್ಕ ವಿಮಾನಕ್ಕೆ ಕ್ವಾಡ್‌ಕಾಪ್ಟರ್ ಎಂದು ಹೆಸರು. ಇದರ ಮುಂಭಾಗದಲ್ಲಿ ಕ್ಯಾಮೆರಾ ಅಳವಡಿಸಿ, ಅದು ಕಳುಹಿಸುವ ಚಿತ್ರವನ್ನು ಹಾರಿಸುವವನು ಕಣ್ಣಿಗೆ ಧರಿಸಿದ ಗಾಗಲ್ಸ್‌ನಲ್ಲಿ ಆ ಕ್ಷಣವೇ ಕಾಣುವಂತೆ ಮಾಡಿದರೆ ಅದು ಎಫ್‌ಪಿವಿ ಡ್ರೋನ್ ಎನಿಸುತ್ತದೆ. ಹಾರಿಸುವವನು ನೆಲದ ಮೇಲಿದ್ದರೂ ಯಂತ್ರದ ಒಳಗೆ ಕುಳಿತವನಂತೆ ನೋಡುತ್ತಾನೆ.

ಈ ವಿದ್ಯೆಗೂ ಮುಂಬಯಿ ನಗರಕ್ಕೂ ಹಳೆಯ ನಂಟಿದೆ. ಪವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ತರುಣರು 2007ರಲ್ಲಿ ಐಡಿಯಾಫೋರ್ಜ್ ಸಂಸ್ಥೆಯನ್ನು ಸ್ಥಾಪಿಸಿದರು. 2009ರ 'ತ್ರೀ ಈಡಿಯಟ್ಸ್' ಚಲನಚಿತ್ರದಲ್ಲಿ ಕಾಣುವ ಕ್ವಾಡ್‌ಕಾಪ್ಟರ್ ಅವರದೇ ಕೊಡುಗೆ. ಇಂದು ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಬೆಸುಗೆಯ ಸಾಮಗ್ರಿ, ತಂತಿ, ಕನೆಕ್ಟರುಗಳನ್ನು ಕೊಂಡು ವಿದ್ಯಾರ್ಥಿಯೂ ಇಂಥ ಯಂತ್ರವನ್ನು ಜೋಡಿಸಬಲ್ಲನು.

ಹಗುರವೇ ಗಟ್ಟಿತನ

ಬಲವಾದ ಯಂತ್ರವೆಂದರೆ ಭಾರವಾದ ಯಂತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಡ್ರೋನಿನ ವಿಷಯದಲ್ಲಿ ಇದು ಸರಿಯಲ್ಲ. ಒಂದೇ ವೇಗದಲ್ಲಿ ಗೋಡೆಗೆ ಬಡಿದಾಗ ಆಘಾತದ ಶಕ್ತಿಯು ತೂಕಕ್ಕೆ ಅನುಗುಣವಾಗಿರುತ್ತದೆ. 650 ಗ್ರಾಂ ಯಂತ್ರ ಅನುಭವಿಸುವ ಪೆಟ್ಟಿನ ಮೂರನೆಯ ಒಂದು ಪಾಲನ್ನು ಮಾತ್ರ 220 ಗ್ರಾಂ ಯಂತ್ರವು ತಾಳಬೇಕಾಗುತ್ತದೆ. ಆದ್ದರಿಂದ ಅನಗತ್ಯ ಭಾರವನ್ನು ಕಳೆಯುವುದೇ ಬಾಳಿಕೆಯ ಮೊದಲ ಉಪಾಯ. ಕಾನೂನಿನ ದೃಷ್ಟಿಯಿಂದಲೂ ಇದು ಹಿತಕರ. ಒಟ್ಟು 250 ಗ್ರಾಂ ಮೀರದ ಡ್ರೋನು 'ನ್ಯಾನೋ' ವರ್ಗಕ್ಕೆ ಸೇರುತ್ತದೆ.

ಮೂರು ಅಂಗುಲದ ಪ್ರೊಪೆಲರ್‌ಗಳ ಯಂತ್ರವು ಈ ಮಿತಿಗೆ ಹೊಂದುತ್ತದೆ. ಕಾರ್ಬನ್ ಫೈಬರಿನ ಚೌಕಟ್ಟು ಸುಮಾರು 40 ಗ್ರಾಂ, ನಾಲ್ಕು ಮೋಟಾರುಗಳು 40, ನಿಯಂತ್ರಣ ಫಲಕ 15, ಕ್ಯಾಮೆರಾ ಮತ್ತು ಪ್ರಸಾರಕ 15, ಬ್ಯಾಟರಿ 80, ಪ್ರೊಪೆಲರ್, ರಿಸೀವರ್, ತಂತಿ, ತಿರುಪು ಎಲ್ಲ ಸೇರಿ 30 ಗ್ರಾಂ. ಒಟ್ಟು 220 ಗ್ರಾಂ ಆಗುತ್ತದೆ. ಪ್ರತಿಯೊಂದು ಭಾಗವನ್ನೂ ತೂಗಿ ಬರೆದಿಡುವುದು ಉತ್ತಮ.

ಚೌಕಟ್ಟಿನ ನಾಲ್ಕು ತೋಳುಗಳು ಬೇರೆ ಬೇರೆಯಾಗಿ ಬಿಚ್ಚಲು ಬರುವಂತಿರಬೇಕು. ಬಿದ್ದಾಗ ಮುರಿಯುವುದು ತೋಳು; ಅದೊಂದನ್ನೇ ಬದಲಿಸಿದರೆ ಯಂತ್ರ ಮತ್ತೆ ಸಿದ್ಧ. ಕ್ಯಾಮೆರಾದ ಗಾಜು ಎರಡು ಪಕ್ಕದ ತಗಡುಗಳಿಗಿಂತ ಒಳಗೇ ಇರಬೇಕು. ನಿಯಂತ್ರಣ ಫಲಕವನ್ನು ರಬ್ಬರಿನ ಬಿಲ್ಲೆಗಳ ಮೇಲೆ ಕೂರಿಸಿದರೆ ಮೋಟಾರಿನ ಕಂಪನ ಅದರ ಗೈರೋಸ್ಕೋಪಿಗೆ ತಟ್ಟುವುದು ಕಡಿಮೆಯಾಗುತ್ತದೆ.

ಜೋಡಣೆಯ ಕ್ರಮ

ಕರ್ಣರೇಖೆಯ ಎರಡು ತುದಿಗಳ ಮೋಟಾರುಗಳು ಒಂದೇ ದಿಕ್ಕಿನಲ್ಲಿಯೂ ಅಕ್ಕಪಕ್ಕದವು ವಿರುದ್ಧ ದಿಕ್ಕಿನಲ್ಲಿಯೂ ತಿರುಗತಕ್ಕದ್ದು. ಇಲ್ಲವಾದರೆ ಯಂತ್ರ ತನ್ನ ಸುತ್ತಲೇ ಬುಗುರಿಯಂತೆ ಸುತ್ತುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದುದರಿಂದ ಬೆಸುಗೆಯ ಬಿಂದುಗಳು ಅದಕ್ಕೆ ತಾಗದಂತೆ ಎಚ್ಚರವಿರಬೇಕು. ಬ್ಯಾಟರಿಯ ತಂತಿಗಳಿಗೆ ಒಂದು ಕೆಪಾಸಿಟರನ್ನು ಬೆಸೆದರೆ ವಿದ್ಯುತ್ತಿನ ಹಠಾತ್ ಏರಿಳಿತ ಶಮನವಾಗಿ ಚಿತ್ರ ಸ್ವಚ್ಛವಾಗಿರುತ್ತದೆ.

ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ ನಡುವೆ ಒಂದು ಬಲ್ಬನ್ನು ಸರಣಿಯಾಗಿ ಇಡಬೇಕು. ಬಲ್ಬು ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಎಲ್ಲಿಯೋ ಶಾರ್ಟ್ ಸರ್ಕ್ಯೂಟ್ ಆಗಿದೆ ಎಂದು ತಿಳಿದು, ಕೂಡಲೇ ಬೇರ್ಪಡಿಸಬೇಕು. ಮೇಜಿನ ಮೇಲೆ ಪರೀಕ್ಷಿಸುವಾಗ ಪ್ರೊಪೆಲರ್‌ಗಳನ್ನು ಕಡ್ಡಾಯವಾಗಿ ತೆಗೆದಿಡಬೇಕು. ಬೆರಳು ಕತ್ತರಿಸುವಷ್ಟು ಬಲ ಅವಕ್ಕಿದೆ.

ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶವನ್ನು 4.2 ವೋಲ್ಟ್ ಮೀರಿ ಚಾರ್ಜ್ ಮಾಡಬಾರದು, ಸುಮಾರು 3.5 ವೋಲ್ಟಿಗೆ ಇಳಿದಾಗ ಯಂತ್ರವನ್ನು ಇಳಿಸಬೇಕು. ತೆಗೆದಿಡುವಾಗ 3.8 ವೋಲ್ಟ್ ಇರಲಿ. ಉಬ್ಬಿದ ಬ್ಯಾಟರಿಯನ್ನು ಬಳಸಕೂಡದು. ಒಂದೇ ಕೋಣೆಯ ಮನೆಗಳು ಹೆಚ್ಚಾಗಿರುವ ನಗರದಲ್ಲಿ, ರಾತ್ರಿ ಎಲ್ಲರೂ ಮಲಗಿರುವಾಗ ಚಾರ್ಜಿಗೆ ಇಡುವುದು ಅಪಾಯಕಾರಿ.

ಮುಂಬಯಿಯ ಕಡಲಗಾಳಿಯಲ್ಲಿ ಉಪ್ಪಿನ ಅಂಶವಿದ್ದು, ಮಳೆಗಾಲದ ತೇವವೂ ಸೇರಿ ತಾಮ್ರದ ಬಿಂದುಗಳು ಬೇಗನೆ ತುಕ್ಕು ಹಿಡಿಯುತ್ತವೆ. ಫಲಕಗಳಿಗೆ ತೇವನಿರೋಧಕ ಲೇಪ ಹಚ್ಚುವುದು ಇಲ್ಲಿ ಅವಶ್ಯಕ. ಕನೆಕ್ಟರಿನ ಬಾಯಿಗೂ ಕ್ಯಾಮೆರಾದ ಗಾಜಿಗೂ ಲೇಪ ತಗಲಬಾರದು. ರೇಡಿಯೋ ಕೊಳ್ಳುವಾಗ ಅದು ಭಾರತದಲ್ಲಿ ಅನುಮತಿಯಿರುವ ತರಂಗಾಂತರದ್ದೇ ಎಂಬುದನ್ನು ನೋಡಿಕೊಳ್ಳಬೇಕು. ಅಮೆರಿಕಕ್ಕಾಗಿ ತಯಾರಾದ 915 ಮೆಗಾಹರ್ಟ್ಸ್ ಉಪಕರಣಗಳು ಇಲ್ಲಿಗೆ ತಕ್ಕವಲ್ಲ.

ಎಲ್ಲಿ ಹಾರಿಸಬೇಕು?

ಯಂತ್ರ ಕಟ್ಟುವುದಕ್ಕಿಂತ ಈ ಪ್ರಶ್ನೆಯೇ ಕಠಿಣವಾದುದು. 2014ರ ಮೇ ತಿಂಗಳಲ್ಲಿ ಮುಂಬಯಿಯ ಒಂದು ಉಪಾಹಾರಗೃಹ ಡ್ರೋನಿನಲ್ಲಿ ಪಿಜ್ಜಾ ಕಳುಹಿಸಿದ ಸುದ್ದಿ ಹರಡಿದಾಗ ಪೊಲೀಸರು ವಿವರಣೆ ಕೇಳಿದರು. ಅದೇ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅನುಮತಿಯಿಲ್ಲದ ನಾಗರಿಕ ಡ್ರೋನು ಹಾರಾಟವನ್ನು ನಿರ್ಬಂಧಿಸಿತು. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಈ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿದವು. ನ್ಯಾನೋ ಡ್ರೋನು ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ.

ಆದರೆ ಆಕಾಶದ ವಲಯಗಳು ಹಗುರ ಯಂತ್ರಕ್ಕೂ ಅನ್ವಯಿಸುತ್ತವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಮುಕ್ತ ಅವಕಾಶವಿದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿ. ಅದಕ್ಕಿಂತ ಸಮೀಪದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣ ನಗರದ ನಡುವೆಯೇ ಇದೆ. ಅಂಧೇರಿ, ವಿಲೇ ಪಾರ್ಲೆ, ಕುರ್ಲಾ ಅದರ ಮಗ್ಗುಲಲ್ಲಿವೆ. ಜುಹುವಿನ ವಿಮಾನಾಂಗಣ, ಕೊಲಾಬಾದ ನೌಕಾಪಡೆಯ ಹೆಲಿಕಾಪ್ಟರ್ ನೆಲೆ, ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ನಮ್ಮ ಕಟ್ಟಡದ ಮಾಳಿಗೆ ಸುರಕ್ಷಿತವೆಂದು ಊಹಿಸುವುದಕ್ಕೆ ಆಸ್ಪದವಿಲ್ಲ. ಇಳಿಯುತ್ತಿರುವ ವಿಮಾನದಲ್ಲಿ ನೂರಾರು ಜನರಿರುತ್ತಾರೆ ಎಂಬುದನ್ನು ಮರೆಯಬಾರದು.

ನಗರ ಪೊಲೀಸರೂ ಭದ್ರತೆಯ ಕಾರಣದಿಂದ ಕಾಲಕಾಲಕ್ಕೆ ಡ್ರೋನು ನಿಷೇಧದ ಆಜ್ಞೆ ಹೊರಡಿಸುತ್ತಾರೆ. ಆದುದರಿಂದ ಪ್ರತಿ ಹಾರಾಟಕ್ಕೂ ಮುನ್ನ ಮಹಾನಿರ್ದೇಶನಾಲಯದ ವಾಯುಪ್ರದೇಶ ನಕ್ಷೆಯನ್ನೂ ನೋಂದಣಿಯ ನಿಯಮಗಳನ್ನೂ ಸ್ಥಳೀಯ ಆಜ್ಞೆಗಳನ್ನೂ ಪರಿಶೀಲಿಸಬೇಕು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹವ್ಯಾಸದ ಯಂತ್ರ ಸದಾ ಕಣ್ಣಳತೆಯಲ್ಲಿರಬೇಕು. ಗಾಗಲ್ಸ್ ಧರಿಸಿದವನಿಗೆ ಸುತ್ತಣ ಆಕಾಶ ಕಾಣದ ಕಾರಣ, ಬರಿಗಣ್ಣಿನಿಂದ ನೋಡುತ್ತ ಎಚ್ಚರಿಸುವ ಸಂಗಾತಿಯೊಬ್ಬ ಪಕ್ಕದಲ್ಲಿರುವುದು ಅಗತ್ಯ.

ಕಲಿಯುವವರು ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿಕೊಳ್ಳಲಿ; ಅಲ್ಲಿ ಬಿದ್ದರೆ ತೋಳು ಮುರಿಯುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಆಮೇಲೆ ನಗರದಿಂದ ದೂರದ, ಹಸಿರು ವಲಯದ ತೆರೆದ ಬಯಲಿಗೆ ಹೋಗಲಿ. ಹಗುರವಾಗಿ ಕಟ್ಟುವ ಶಿಸ್ತು ಯಂತ್ರವನ್ನು ಉಳಿಸುತ್ತದೆ. ಸ್ಥಳವರಿತು ಹಾರಿಸುವ ಶಿಸ್ತು ಇತರರನ್ನು ಕಾಪಾಡುತ್ತದೆ.