ಊರಿನಿಂದ ನುಡಿಗೆ: ‘ಮಂಗಳೂರ ಸಮಾಚಾರ’ದ ಬಳ್ಳಾರಿ ಸ್ಥಳಾಂತರ

ಕನ್ನಡ ಪತ್ರಿಕೋದ್ಯಮದ ಚರಿತ್ರೆಯು 1843ರ ಜುಲೈ 1ರಂದು ಆರಂಭವಾಗುತ್ತದೆ ಎಂಬುದು ಸರ್ವವಿದಿತ. ಹರ್ಮನ್ ಮೋಗ್ಲಿಂಗ್ (1811–1881) ಅಂದು ಮಂಗಳೂರಿನಿಂದ ಹೊರತಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಆದರೆ ಒಂದು ವರ್ಷ ತುಂಬುವ ಮೊದಲೇ ಪತ್ರಿಕೆಯು ತನ್ನ ಊರನ್ನು ಬಿಟ್ಟು ಬಳ್ಳಾರಿಗೆ ಹೋಯಿತು, ಹೋಗುವಾಗ ತನ್ನ ಹೆಸರನ್ನೂ ಬದಲಿಸಿಕೊಂಡಿತು. ಈ ಸಂಗತಿಯನ್ನು ಚರಿತ್ರೆಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಆ ಒಂದು ವಾಕ್ಯದ ಹಿಂದಿರುವ ತಾಂತ್ರಿಕ, ಆರ್ಥಿಕ ಹಾಗೂ ಭಾಷಿಕ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಲ್ಲಚ್ಚಿನ ಮಿತಿ

ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಇದರಲ್ಲಿ ಅಚ್ಚುಮೊಳೆಗಳ ಅಗತ್ಯವಿಲ್ಲ. ಲಿಪಿಕಾರನು ಜಿಡ್ಡಿನಂಶವುಳ್ಳ ಶಾಯಿಯಿಂದ ಬರೆದ ಪುಟವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಹಾಯಿಸಿ ಮಸಿ ಲೇಪಿಸಿದರೆ, ಮಸಿ ಬರೆಹದ ಭಾಗಕ್ಕೆ ಮಾತ್ರ ಅಂಟುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳಿಂದ ಕೂಡಿದ ಕನ್ನಡ ಲಿಪಿಗೆ ಬೇಕಾಗುವ ನೂರಾರು ಮೊಳೆಗಳನ್ನು ಎರಕ ಹೊಯ್ಯಿಸುವ ವೆಚ್ಚ ಇಲ್ಲಿ ಇರಲಿಲ್ಲ. ಕೈಬರೆಹದ ಪರಂಪರೆಯಲ್ಲಿ ಪಳಗಿದ ಲಿಪಿಕಾರನೇ ಇಲ್ಲಿ ಮುದ್ರಕನ ಮುಖ್ಯ ಸಹಾಯಕ. ಅಲ್ಪ ಬಂಡವಾಳದ ಪ್ರಕಾಶನಕ್ಕೆ ಇದು ಅನುಕೂಲಕರವಾಗಿತ್ತು.

ಆದರೆ ಪತ್ರಿಕೆಯ ಅಗತ್ಯಗಳು ಬೇರೆ. ‘ಮಂಗಳೂರ ಸಮಾಚಾರ’ ನಾಲ್ಕು ಪುಟಗಳ ಪಾಕ್ಷಿಕ. ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಕಂಪನಿ ಸರಕಾರದ ಕಾನೂನುಗಳು, ಪರದೇಶದ ಸುದ್ದಿ, ಕಥೆ ಇವೆಲ್ಲ ಆ ನಾಲ್ಕು ಪುಟಗಳಲ್ಲಿಯೇ ಅಡಕವಾಗಬೇಕಿತ್ತು. ಕೈಬರೆಹದ ಅಕ್ಷರವನ್ನು ಒಂದು ಮಿತಿಗಿಂತ ಕಿರಿದುಗೊಳಿಸಲಾಗದು. ಕಲ್ಲಿನ ಮೇಲೆ ಮೂಡಿದ ತಪ್ಪನ್ನು ತಿದ್ದುವುದೂ ಸುಲಭವಲ್ಲ. ಮೊಳೆ ಜೋಡಣೆಯಲ್ಲಾದರೋ ಅದೇ ಹಾಳೆಯಲ್ಲಿ ಹೆಚ್ಚು ವಿಷಯ ಹಿಡಿಯುತ್ತದೆ, ತಪ್ಪಿದ ಮೊಳೆಯನ್ನು ಕಿತ್ತು ಬೇರೊಂದನ್ನು ಇಡಬಹುದು. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಕಾಲದಿಂದಲೂ ಕನ್ನಡ ಮೊಳೆಗಳು ಬಳಕೆಯಲ್ಲಿದ್ದವು. ಆದರೆ ಮಂಗಳೂರಿನ ಮುದ್ರಣಾಲಯದಲ್ಲಿ ಇರಲಿಲ್ಲ.

2. ಬಳ್ಳಾರಿಯ ಆಯ್ಕೆ

ಬಳ್ಳಾರಿಯಲ್ಲಿ ಲಂಡನ್ ಮಿಷನ್ 1810ರಿಂದ ನೆಲೆಯೂರಿತ್ತು. ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದ ಜಾನ್ ಹ್ಯಾಂಡ್ಸ್ ಅವರ ಕಾರ್ಯಕ್ಷೇತ್ರವೂ ಅದೇ. ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ ಕನ್ನಡ ಮೊಳೆಗಳಿದ್ದವು. ಹೀಗಾಗಿ ಹದಿನಾರು ಸಂಚಿಕೆಗಳ ತರುವಾಯ, 1844ರ ಮಾರ್ಚ್‌ನಿಂದ, ಪತ್ರಿಕೆ ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಅಚ್ಚಾಗತೊಡಗಿತು. ಇಲ್ಲಿ ಸ್ಥಳಾಂತರಗೊಂಡದ್ದು ಯಂತ್ರವಲ್ಲ, ಮುದ್ರಣಾಲಯವೂ ಅಲ್ಲ; ಯಂತ್ರವಿದ್ದ ಕಡೆಗೆ ಪತ್ರಿಕೆ ಹೋಯಿತು. ಕಿರಿಯ ಪ್ರಕಾಶನಗಳು ತಮ್ಮ ಊರನ್ನು ಆಯ್ದುಕೊಳ್ಳುವಲ್ಲಿ ಎಷ್ಟು ಪರಾಧೀನವಾಗಿದ್ದವು ಎಂಬುದಕ್ಕೆ ಇದು ಮೊದಲ ಕನ್ನಡ ನಿದರ್ಶನ.

ಎರಡನೆಯ ಕಾರಣ ಓದುಗರದು. ಕರಾವಳಿಯ ಪತ್ರಿಕೆಗೆ ಘಟ್ಟದ ಮೇಲಿನ ಊರುಗಳಲ್ಲಿಯೂ ಓದುಗರು ದೊರೆತಿದ್ದರು. ಆಗಿನ ಅಂಚೆಯ ದರ ತೂಕದೊಂದಿಗೆ ದೂರವನ್ನೂ ಅವಲಂಬಿಸಿತ್ತು. ದೂರವನ್ನು ಲೆಕ್ಕಿಸದ ಏಕರೂಪ ದರ ಜಾರಿಗೆ ಬಂದದ್ದು 1854ರಲ್ಲಿ. ಪ್ರಯಾಣಿಕರ ರೈಲು ಸಂಚಾರ ಭಾರತದಲ್ಲಿ ಆರಂಭವಾದದ್ದೂ 1853ರಲ್ಲಿಯೇ. ಒಂದು ದುಡ್ಡಿನ ಪತ್ರಿಕೆ ದೂರದ ಓದುಗನ ಕೈಸೇರುವಾಗ ಅದರ ನಿಜವಾದ ಬೆಲೆಯನ್ನು ನಿರ್ಧರಿಸುತ್ತಿದ್ದುದು ಅಂಚೆಯೇ ಹೊರತು ಮುಖಬೆಲೆಯಲ್ಲ. ಒಳನಾಡಿನ ಬಳ್ಳಾರಿಯಿಂದ ಉತ್ತರದ ಕನ್ನಡ ಪ್ರದೇಶಗಳಿಗಿದ್ದ ಸಾಮೀಪ್ಯವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

3. ಹೆಸರಿನ ಪಲ್ಲಟ

ಸ್ಥಳಾಂತರದ ಅತ್ಯಂತ ಮಹತ್ವದ ಫಲ ಹೊಸ ಹೆಸರು. ಊರನ್ನು ಬಿಟ್ಟ ಪತ್ರಿಕೆ ‘ಬಳ್ಳಾರಿ ಸಮಾಚಾರ’ವಾಗಬಹುದಿತ್ತು. ಹಾಗಾಗಲಿಲ್ಲ. ಒಂದು ಊರಿನ ಹೆಸರಿನ ಸ್ಥಾನದಲ್ಲಿ ಇನ್ನೊಂದು ಊರು ಬರದೆ ನುಡಿಯೇ ಬಂದಿತು. ಆ ಕಾಲದಲ್ಲಿ ಕನ್ನಡ ಪ್ರದೇಶವು ಮದರಾಸು ಮತ್ತು ಮುಂಬಯಿ ಪ್ರಾಂತಗಳು, ಮೈಸೂರು, ಹೈದರಾಬಾದು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿತ್ತು. ಯಾವ ಆಡಳಿತದ ಭೂಪಟದಲ್ಲಿಯೂ ಇಲ್ಲದ ಒಂದು ಓದುಗ ಸಮುದಾಯವನ್ನು ಈ ಹೆಸರು ಸಂಬೋಧಿಸಿತು. 1956ರ ಏಕೀಕರಣಕ್ಕೆ ನೂರಹನ್ನೆರಡು ವರ್ಷ ಮೊದಲೇ ಇದು ನಡೆದಿತ್ತು. ಇದನ್ನು ಏಕೀಕರಣದ ಬೀಜವೆಂದು ಹೇಳುವುದು ಅತಿಶಯೋಕ್ತಿ. ಮಿಷನರಿಗಳ ಉದ್ದೇಶ ಧರ್ಮಪ್ರಸಾರವೇ ಆಗಿತ್ತು. ಆದರೆ ಮಾರುಕಟ್ಟೆಯ ಅಗತ್ಯವೊಂದು ಭಾಷಿಕ ಅಸ್ಮಿತೆಯ ಪದವನ್ನು ಬಳಕೆಗೆ ತಂದಿತೆಂಬುದು ನಿರ್ವಿವಾದ.

ಇನ್ನೊಂದು ವೈಚಿತ್ರ್ಯವೂ ಗಮನಾರ್ಹ. ತುಳು, ಕೊಂಕಣಿ, ಬ್ಯಾರಿ ಮಾತುಗಳ ನಡುವೆ ಕನ್ನಡವು ಮುಖ್ಯವಾಗಿ ಬರೆಹದ ಭಾಷೆಯಾಗಿದ್ದ ಊರು ಮಂಗಳೂರು. ತೆಲುಗು ಕನ್ನಡಗಳೆರಡೂ ಬಳಕೆಯಲ್ಲಿದ್ದ ಊರು ಬಳ್ಳಾರಿ. ಎರಡೂ ಮದರಾಸು ಪ್ರಾಂತದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡ ಸೇರಿದ್ದು 1956ರಲ್ಲಿ. ಎಂದರೆ ಕನ್ನಡದ ಮೊದಲ ಪತ್ರಿಕೆಯ ಎರಡು ನೆಲೆಗಳೂ ಬಹುಭಾಷಿಕ ಗಡಿನೆಲೆಗಳೇ.

4. ಗಳಿಕೆ ಮತ್ತು ನಷ್ಟ

‘ಕನ್ನಡ ಸಮಾಚಾರ’ ಹೆಚ್ಚು ಕಾಲ ಬಾಳಲಿಲ್ಲ. ಪತ್ರಿಕೆಯ ಬೌದ್ಧಿಕ ಕೇಂದ್ರವಾಗಿದ್ದ ಮಂಗಳೂರಿಗೂ ಅಚ್ಚಿನ ಮನೆಯಿದ್ದ ಬಳ್ಳಾರಿಗೂ ನೇರ ರೇಖೆಯಲ್ಲಿಯೇ 300 ಕಿಲೋಮೀಟರಿಗೂ ಮೀರಿದ ಅಂತರ, ನಡುವೆ ಘಟ್ಟ. ಊರ ವರ್ತಮಾನವು ಅಚ್ಚಿನ ಮನೆಯಿಂದ ದೂರವಾದಷ್ಟೂ ಹಳತಾಗುತ್ತದೆ. ಮೊಳೆಯಿಂದ ದೊರೆತ ಅನುಕೂಲವನ್ನು ಹಾದಿಯ ದೂರ ಕಸಿದುಕೊಂಡಿತೆಂದು ಊಹಿಸಲು ಅವಕಾಶವಿದೆ.

ಇದಕ್ಕೆ ಪ್ರತಿಯಾಗಿ ಮೋಗ್ಲಿಂಗ್ ಅವರ ಮುಂದಿನ ಯೋಜನೆಯನ್ನು ನೋಡಬಹುದು. ಕ್ಯಾಸಮೇಜರ್ ಅವರ ಧನಸಹಾಯದಿಂದ 1848–1853ರ ಅವಧಿಯಲ್ಲಿ ಹೊರಬಂದ ‘ಬಿಬ್ಲಿಯೋಥಿಕಾ ಕರ್ನಾಟಕಾ’ ಮಾಲೆಯು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಮುದ್ರಿಸಿದ್ದು ಮಂಗಳೂರಿನ ಕಲ್ಲಚ್ಚಿನಲ್ಲಿಯೇ. ಕಾವ್ಯಕ್ಕೆ ಹದಿನೈದು ದಿನಗಳ ಗಡುವಿಲ್ಲ. ಕಲ್ಲಿನ ನಿಧಾನವನ್ನು ಅದು ಸಹಿಸಬಲ್ಲದು, ಸುದ್ದಿ ಸಹಿಸಲಾರದು. 1850ರ ದಶಕದಲ್ಲಿ ಮಂಗಳೂರಿಗೇ ಮೊಳೆಗಳು ಬಂದವು. ಕಿಟ್ಟೆಲ್ ನಿಘಂಟು (1894) ಅಚ್ಚಾದದ್ದು ಅದೇ ಊರಿನ ಅದೇ ಮಿಷನ್ನಿನ ಮುದ್ರಣಾಲಯದಲ್ಲಿ.

ಒಟ್ಟಿನಲ್ಲಿ, ಪ್ರಕಾಶನವೊಂದು ಊರು ಬದಲಿಸುವುದೆಂದರೆ ವಿಳಾಸ ಬದಲಿಸುವುದಷ್ಟೇ ಅಲ್ಲ. ಯಂತ್ರ, ಅಂಚೆ, ಬರೆಯುವವರು, ಓದುವವರು ಈ ನಾಲ್ಕರ ನಡುವಣ ಅಂತರಗಳು ಮರುಹಂಚಿಕೆಯಾಗುತ್ತವೆ. ಮಂಗಳೂರಿನ ಪತ್ರಿಕೆಯು ಬಳ್ಳಾರಿಯಲ್ಲಿ ಯಂತ್ರಕ್ಕೆ ಹತ್ತಿರವಾಗಿ ತನ್ನ ಊರಿಗೆ ದೂರವಾಯಿತು. ಆ ಪ್ರಯೋಗ ಬಾಳದಿದ್ದರೂ ಅದು ಧರಿಸಿದ ಹೆಸರು ಅದಕ್ಕಿಂತ ದೊಡ್ಡ ಓದುಗ ವಲಯವೊಂದನ್ನು ಸೂಚಿಸಿತು. ಜುಲೈ 1ನ್ನು ನೆನೆಯುವ ಕನ್ನಡ ಪತ್ರಿಕಾ ಚರಿತ್ರೆಯು ಮರುವರ್ಷದ ಮಾರ್ಚ್ ತಿಂಗಳನ್ನೂ ನೆನೆಯಬೇಕಾದುದು ಈ ಕಾರಣಕ್ಕಾಗಿ.